ಕವನಾಳ ಮನೆಗೆ ಬಂದ ತರಗತಿ

ಮೊಸಳೆ ಎಂಬ ಊರಿನ ಕವನಾ ಕಾಲು ಮುರಿದುಕೊಂಡು ಮಂಚ ಹಿಡಿದು ತಿಂಗಳಾಗಿತ್ತು. ಏಳನೇ ಕ್ಲಾಸಿನ ಹುಡುಗಿ. ಅಪ್ಪ ಬೈರಯ್ಯ ಕೂಲಿಗೆ ಹೋದರೆ ಮನೆಯಲ್ಲಿ ಅವಳು, ಅಜ್ಜಿ ಬೆಟ್ಟಮ್ಮ ಇಬ್ಬರೇ. ಸ್ಕೂಲಿನ ಬೆಲ್ಲು ಮಂಚದವರೆಗೂ ಕೇಳುತ್ತಿತ್ತು. ಕೇಳಿದಾಗಲೆಲ್ಲ, ಅಯ್ಯೋ ಪಾಪ, ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದಳು.

"ನಾನಿನ್ನು ಸ್ಕೂಲಿಗೆ ಓಗಲ್ಲ ಕಣಜ್ಜಿ. ನಾನಿಲ್ದಿದ್ರೆ ಯಾರ್ಗೂ ಏನೂ ಆಗಿಲ್ಲ."

ಈ ಹಟವನ್ನು ಅಜ್ಜಿಯಿಂದ ಕೇಳಿ ಕ್ಲಾಸಿನ ಟೀಚರ್ ನಾಗಲಕ್ಷ್ಮಿ ಮನೆಗೇ ಬಂದರು. "ದಿನಾ ವಾಟ್ಸಾಪ್ ಗ್ರೂಪಿಗೆ ಪಾಠ ಹಾಕ್ತೀನಲ್ಲಾ, ನೋಡ್ಲಿಲ್ವೇನೇ?"

"ಫೋನು ಅಪ್ಪನ ಜೇಬಲ್ಲಿರ್ತದೆ ಮಿಸ್. ಸಂಜೆ ತೆಗೆದ್ರೆ ಬರೀ ಗುಡ್ ಮಾರ್ನಿಂಗ್ ಹೂವ. ಅದ್ರೊಳಗೆ ಪಾಠ ಎಲ್ಲಿ ಹುಡುಕ್ಲಿ?"

ಟೀಚರ ಮುಖ ಸಣ್ಣಗಾಯಿತು. "ನಮ್ ಕ್ಲಾಸಿಗೇ ಒಂದು ವೆಬ್‌ಸೈಟ್ ಮಾಡ್ತೀನಿ. ಹಾಕಿದ್ದು ಹಾಕಿದ ಜಾಗದಲ್ಲೇ ಇರ್ತದೆ. ಯಾರ ಫೋನಲ್ಲಾದ್ರೂ, ಯಾವಾಗ್ಲಾದ್ರೂ ನೋಡ್ಬೋದು."

ಬೆಟ್ಟಮ್ಮ ಸಿಡುಕಿದಳು. "ಬ್ಯಾಡ ಕಣವ್ವ! ಊರೋರೆಲ್ಲ ನಮ್ ಮಗೀನ ಫೋಟೋ ನೋಡ್ಬೇಕಾ?"

"ಫೋಟೋ, ಹೆಸರು, ನಂಬರು ಯಾವುದೂ ಹಾಕಲ್ಲ ಅಜ್ಜಿ. ನೋಡುವಾಗ ಪಕ್ಕದಲ್ಲಿ ನೀವೇ ಕೂತ್ಕಳಿ."

ಪಾಠ ಬಂತು. ಬೋರ್ಡಿನ ಲೆಕ್ಕ, ಟೀಚರ ದನಿ, ಎಲ್ಲ ಸಂಜೆ ಸಲೀಸಾಗಿ ಸಿಕ್ಕಿತು. ಆದರೂ ಕವನಾಳ ಬೇಸರ ಹೋಗಲಿಲ್ಲ. ಟೀಚರಿಗೆ ಫೋನ್ ಮಾಡಿ ಅತ್ತಳು. "ಪಾಠ ಬಂತು ಮಿಸ್. ನಾನಿಲ್ಲಿ ಒಬ್ಳೇ ಅಲ್ವಾ?"

ಟೀಚರು ಅಂದರು: "ಹಾಗಾದ್ರೆ ನಾಳೆ ಕ್ಲಾಸಿಗೆ ಲೆಕ್ಕ ನೀನೇ ಕೇಳು, ಉತ್ತರ ಅವ್ರು ಹೇಳ್ಲಿ."

ಮಗಳ ದನಿ ಹಾಕಬಹುದೇ ಎಂದು ಟೀಚರು ಕೇಳಿದ್ದಕ್ಕೆ ಅಪ್ಪ ಒಪ್ಪಿದ. ಅಜ್ಜಿ ತಟ್ಟಿದ ರಾಗಿ ರೊಟ್ಟಿಯ ಮೇಲೆ ಕವನಾ ಒಂದು ಭಿನ್ನರಾಶಿ ಲೆಕ್ಕ ಕಟ್ಟಿ ಫೋನಿನಲ್ಲಿ ಹೇಳಿ ಕಳಿಸಿದಳು: "ಅಪ್ಪಂಗೆ ಅರ್ಧ ರೊಟ್ಟಿ, ನಂಗೆ ಕಾಲು. ಒಟ್ಟು ಎಷ್ಟು ತಿಂದ್ವಿ?" ಟೀಚರು ಆ ದನಿಯನ್ನು ವೆಬ್‌ಸೈಟಿಗೆ ಹಾಕಿ, ಕ್ಲಾಸಿನಲ್ಲಿ ಕೇಳಿಸಿದರು. ಮಾರನೇ ಸಂಜೆ ವೆಬ್‌ಸೈಟಿನಲ್ಲಿ ಉತ್ತರ ಕಾದಿತ್ತು. ಇಡೀ ಕ್ಲಾಸು ಒಟ್ಟಿಗೆ ಕಿರುಚಿತ್ತು: "ಮುಕ್ಕಾಲು!" ಹಿಂದೆಯೇ ಯಾರದೋ ತುಂಟ ದನಿ: "ಮಿಕ್ಕಿದ್ ಕಾಲು ರೊಟ್ಟಿ ನಮಗೆ ತತ್ತಾರೆ, ಬೇಗ ಬಾರೆ!"

ಕವನಾ ನಗುತ್ತಲೇ ಅತ್ತುಬಿಟ್ಟಳು. ಬೆಟ್ಟಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇನ್ನೊಂದ್ಸತಿ ಆಕು ಮಗ" ಅಂದಳು.

ಕವನಾ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಈ ಕಾಲಿನ ಪಟ್ಟಿ ಯಾವತ್ತು ಬಿಚ್ತಾರೆ?"

ಗುರುಗಳೇ, ನಾಳೆ ಹಾಜರಿ ಕೂಗುವಾಗ ಒಂದು ಹೆಸರಿಗೆ ಉತ್ತರ ಬಾರದಿದ್ದರೆ ಸುಮ್ಮನೆ ಮುಂದಕ್ಕೆ ಹೋಗಬೇಡಿ. ತರಗತಿಗೊಂದು ವೆಬ್‌ಸೈಟ್ ಮಾಡಿ. ಅಂದಿನ ಪಾಠ ಅಂದೇ ಹಾಕಿ. ಮಕ್ಕಳ ಫೋಟೋ, ಹೆಸರು ಬೇಡ. ದನಿ ಹಾಕುವ ಮುಂಚೆ ಮನೆಯವರನ್ನು ಕೇಳಿ. ಪಾಠ ಕಳಿಸಿದರೆ ಸಾಲದು, ಆ ಮಗು ಮಾತಾಡುವುದಕ್ಕೂ ಅಲ್ಲಿ ಜಾಗ ಕೊಡಿ. ಅದು ಮನೆಯಲ್ಲಿ ಒಂದೇ ಕೂತಿದೆ.