ನಿನ್ನೆಯ ಕೇಕು

ಬೀದಿಯ ತಿರುವಿನಲ್ಲಿ ಒಂದು ಬೇಕರಿ, ಬೇಕರಿಯ ತಲೆಯ ಮೇಲೆ ಒಂದು ದರ್ಜಿ ಅಂಗಡಿ, ಆ ಅಂಗಡಿಯ ಕಿಟಕಿಗೆ ಬೆನ್ನು ಮಾಡಿ ಕೂತು ಒಬ್ಬಳು ಹನ್ನೊಂದು ವರ್ಷದಿಂದ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಹೊಲಿದೂ ಹೊಲಿದೂ ಅವಳ ಹೆಸರೇ ಗುಂಡಿ ಎಂದಾಗಿಹೋಗಿತ್ತು. "ಯಾವ ಗುಂಡಿ, ಅಂಗಿದೋ ರಸ್ತೆದೋ?" ಎಂದು ಗಂಡ ಕೇಳುವುದು, ಅವನೊಬ್ಬನೇ ನಗುವುದು ನಡೆದೇ ಇತ್ತು. ಈಚೆಗೆ ಅವಳಿಗೆ ಸೂಜಿಯ ಕಣ್ಣು ಎರಡೆರಡಾಗಿ ಕಾಣುತ್ತಿತ್ತು. ಕೆಳಗಿನಿಂದ ಬೆಣ್ಣೆಯ ಪರಿಮಳ ಮೆಟ್ಟಿಲೇರಿ ಬಂದಾಗಲೆಲ್ಲ ಕೈ ತಾನಾಗಿಯೇ ನಿಲ್ಲುತ್ತಿತ್ತು.

ಬೇಕರಿಯವನಿಗೆ ಕೇಕು ಮಾಡುವವರು ಒಬ್ಬರು ಬೇಕಾಗಿದ್ದಾರೆಂದು ತಿಳಿದು ಗುಂಡಿ ಹೋಗಿ ಕೇಳಿದಳು.

"ನಮ್ಮ ಗಾಜಿನ ಪೆಟ್ಟಿಗೇಲಿ ಇಲ್ಲದ್ದೇನಾದ್ರೂ ಮಾಡ್ಕೊಂಡು ಬನ್ನಿ ಅಕ್ಕಾ, ಆಮೇಲೆ ಮಾತಾಡೋಣ," ಎಂದನವನು.

ಅಂಥದ್ದು ಅವಳಿಗೆ ಸಿಕ್ಕಿದ್ದು ಗುಂಡಿಗಳ ಪೊಟ್ಟಣದಲ್ಲಿ. ಸುತ್ತಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲೊಂದು ಚಿತ್ರ: ಚೌಕಾಕಾರದ ಕೇಕು, ಮೈತುಂಬ ಕೊಬ್ಬರಿ ತುರಿ. ಕಾಲೇಜಿಗೆ ಹೋಗುವ ನಾದಿನಿ ಓದಿ ಹೇಳಿದಳು: "ಲ್ಯಾಮಿಂಗ್ಟನ್ ಅಂತೆ ಅತ್ತಿಗೆ. ಆಸ್ಟ್ರೇಲಿಯಾದವರ ಹಳೇ ಕಾಲದ ಕೇಕು. ಸ್ಪಂಜ್ ಕೇಕನ್ನ ಚೌಕ ಚೌಕ ಕತ್ತರಿಸಿ, ಚಾಕೊಲೇಟ್ ಪಾಕದಲ್ಲಿ ಅದ್ದಿ, ಕೊಬ್ಬರಿಯಲ್ಲಿ ಹೊರಳಿಸೋದು. ಅಷ್ಟೇ."

ಅಷ್ಟೇ ಆಗಿರಲಿಲ್ಲ. ಭಾನುವಾರ ಓವನ್ನಿನಿಂದ ತೆಗೆದ ಕೇಕನ್ನು ಪಾಕದಲ್ಲಿ ಅದ್ದಿದ್ದೇ ತಡ, ಕೈಯಲ್ಲೇ ಪುಡಿಪುಡಿಯಾಯಿತು. "ಅವರು ಇದನ್ನ ಚಮಚದಲ್ಲಿ ತಿಂತಾರೇನೋ," ಎಂದ ಗಂಡ. ಹಾಳೆಯ ಮಡಿಕೆಯಲ್ಲಿ ಅಡಗಿದ್ದ ಸಾಲು ನಾದಿನಿಯ ಕಣ್ಣಿಗೆ ಬಿದ್ದದ್ದು ಆಗ: ಕೇಕು ಹಿಂದಿನ ದಿನದ್ದಾಗಿರಬೇಕು.

ಮುಂದಿನ ವಾರ ಶನಿವಾರವೇ ಬೇಯಿಸಿ ಬಟ್ಟೆ ಮುಚ್ಚಿಟ್ಟಳು.

"ಕೆಲಸ ಕೇಳೋಕೆ ಹೋಗೋಳು ತಂಗಳು ಹಿಡ್ಕೊಂಡು ಹೋಗ್ತಾಳೇನೇ?" ಎಂದರು ಅತ್ತೆ.

"ಇದು ತಂಗಳಾದ್ರೇನೇ ಚೆನ್ನ ಅತ್ತೆ."

"ನಿಮ್ಮಮ್ಮ ಕಲಿಸಿದ್ದು ಇದೇ ಇರ್ಬೇಕು."

ಮರುದಿನ ಕೇಕು ಪಾಕ ಕುಡಿದೂ ಮೂಲೆ ಮುರಿಯದೆ ನಿಂತಿತು. ಅತ್ತೆ ಎರಡು ತಿಂದರು, ಮೂರನೆಯದನ್ನು ಯಾರಿಗೂ ಕಾಣದ ಹಾಗೆ ಎತ್ತಿಟ್ಟುಕೊಂಡರು.

ಸೋಮವಾರ ಬೇಕರಿಯವನು ಒಂದು ತುಂಡು ಬಾಯಿಗೆ ಹಾಕಿ ಕಣ್ಣು ಮುಚ್ಚಿದ. "ಕೈರುಚಿ ಚೆನ್ನಾಗಿದೆ ಅಕ್ಕಾ. ಏನಿದರ ಗುಟ್ಟು?"

ನಿನ್ನ ಗುಟ್ಟೇನು ಎಂದು ಈ ಹನ್ನೊಂದು ವರ್ಷದಲ್ಲಿ ಅವಳನ್ನು ಕೇಳಿದವರು ಯಾರು? ಗುಂಡಿ ಅರಳಿಹೋದಳು. "ಕೇಕು ನಿನ್ನೆಯದಾಗಿರಬೇಕು. ತಾಜಾ ಇದ್ರೆ ಪುಡಿಯಾಗಿಹೋಗುತ್ತೆ. ಸ್ವಲ್ಪ ಒಣಗಿದ್ರೇನೇ ಒಳ್ಳೇದು."

"ಒಣಗಿದ್ರೇನೇ?" ಅವನ ನೋಟ ಗಾಜಿನ ಪೆಟ್ಟಿಗೆಯ ತುದಿಗೆ ಹೋಯಿತು. ಮಾರಾಟವಾಗದ ಕೇಕು ಅಲ್ಲಿ ಅಂಚು ಬಿರುಕು ಬಿಟ್ಟುಕೊಂಡು ಕೂತಿತ್ತು. "ನಾನೇ ಹೇಳಿ ಕಳಿಸ್ತೀನಿ ಅಕ್ಕಾ."

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗಲೆಲ್ಲ ಗುಂಡಿ ತಲೆಯೆತ್ತಿದಳು. ಬಂದವರೆಲ್ಲ ಅಳತೆ ಕೊಡುವವರೇ. ಹತ್ತನೆಯ ದಿನ ಕೆಲಸಕ್ಕೆ ಬರುವಾಗ ನೋಡುತ್ತಾಳೆ, ಪೆಟ್ಟಿಗೆಯಲ್ಲಿ ಎರಡು ಸಾಲು ಲ್ಯಾಮಿಂಗ್ಟನ್. ಮುಂದೊಂದು ಚೀಟಿ: ಆಸ್ಟ್ರೇಲಿಯಾ ಕೇಕ್, ಇಂದಿನ ತಾಜಾ.

ಒಳಗೆ ಹೋದಳು. ಪೆಟ್ಟಿಗೆಯ ಮುಂದೆ ನಿಂತಳು.

"ಬನ್ನಿ ಅಕ್ಕಾ," ಎಂದ ಅವನೇ. "ನಮ್ಮ ಬ್ರೆಡ್ ಮಾಡೋನಿಗೇ ತೋರಿಸಿಕೊಟ್ಟೆ. ಮಾರದೆ ಉಳಿದ ಹಳೇ ಕೇಕೆಲ್ಲ ಇದರಲ್ಲೇ ಖಾಲಿ. ಇನ್ನು ಬೇರೆ ಆಳು ಯಾಕೆ ಹೇಳಿ? ನಿಮ್ಮಿಂದ ದೊಡ್ಡ ಉಪಕಾರವಾಯ್ತು."

ಅವನ ಮುಖದಲ್ಲಿ ಕಳ್ಳತನದ ಸುಳಿವೇ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಕಾಗದದ ಮೇಲೊಂದು ತುಂಡಿಟ್ಟು ಅವಳ ಕೈಗೆ ಕೊಟ್ಟ. "ತಿಂದು ನೋಡಿ, ಸರಿಯಾಗಿದೆಯಾ?"

ಕಚ್ಚಿದಳು. ಸರಿಯಾಗಿಯೇ ಇತ್ತು, ಕೂದಲೆಳೆಯಷ್ಟು ಕೊರತೆ ಬಿಟ್ಟರೆ.

"ಪಾಕ ಇನ್ನೊಂಚೂರು ತೆಳ್ಳಗಿರಬೇಕು," ಎಂದುಬಿಟ್ಟಿತು ಅವಳ ಬಾಯಿ.

"ಪಾಕ ತೆಳ್ಳಗಂತೆ ಕಣೋ," ಎಂದು ಅವನು ಒಳಕ್ಕೆ ಕೂಗಿದ. ಒಳಗಿನಿಂದ ಯಾರೋ ಹೂಂ ಎಂದರು.