ಒಂದು ಹನಿಯನ್ನೂ ಮುಟ್ಟದವರು

ಇಪ್ಪತ್ತೆರಡು ಪುಟಗಳ ಲೇಖನ ಒಂದೂವರೆ ಪುಟವಾಗಿ ಮರಳಿ ಬಂದದ್ದನ್ನು ವೀರಣ್ಣ ಹೇಗೋ ಸಹಿಸಿಕೊಂಡರು. ಸಹಿಸಲಾಗದೆ ಹೋದದ್ದು ಅದರ ನೆತ್ತಿಯ ಮೇಲೆ ಯಾರೋ ಕೂರಿಸಿದ್ದ ಒಂದು ಸಾಲು.

ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನ ಮಗಳ ಮನೆಯಲ್ಲಿ, ಊಟದ ಮೇಜಿನ ಒಂದು ಮೂಲೆ ಹಿಡಿದು, ಆರು ತಿಂಗಳು ಬರೆದ ಲೇಖನ ಅದು. ಇಂಗ್ಲೆಂಡಿನ ಊರುಗಳಲ್ಲಿ ಬಿಯರ್ ಮಾಡುವ ಕಸುಬು ಬೆಳೆದು ಬಾಡಿದ ಬಗೆ ಅದರ ವಿಷಯ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದ ವೀರಣ್ಣ ಅಲ್ಲಿನ ಬರ್ಟನ್ ಎಂಬ ಊರಿನ ಬ್ರುವರಿಯೊಂದರಲ್ಲಿ, ಅಂದರೆ ಬಿಯರ್ ಕಾರ್ಖಾನೆಯಲ್ಲಿ, ಇಪ್ಪತ್ತೊಂಬತ್ತು ವರ್ಷ ಬಾವಿಯ ನೀರು ಪರೀಕ್ಷಿಸಿದವರು. ಈ ಕಥೆಯನ್ನು ಕನ್ನಡದಲ್ಲಿ ತಾವು ಹೇಳದಿದ್ದರೆ ಇನ್ನಾರೂ ಹೇಳಲಾರರೆಂದು ಅವರಿಗೆ ಅನ್ನಿಸಿತ್ತು. ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಅದನ್ನು ಕಳಿಸಿದ್ದರು.

ಲೇಖನ ಹೆಂಗಸರಿಂದ ಶುರುವಾಗುತ್ತಿತ್ತು. ಬ್ರುವರಿಗಳು ಹುಟ್ಟುವ ಎಷ್ಟೋ ಶತಮಾನ ಮೊದಲು ಅದು ಮನೆಯ ಕೆಲಸ. ಹೊಸ ಏಲ್, ಅಂದರೆ ಆ ಕಾಲದ ಬಿಯರ್, ಸಿದ್ಧವಾದ ದಿನ ಮನೆಯೊಡತಿ ಬಾಗಿಲ ಮುಂದಿನ ಗಳುವಿಗೆ ಸೊಪ್ಪಿನ ಕಟ್ಟು ಸಿಕ್ಕಿಸುತ್ತಿದ್ದಳು. ಊರು ನೇಮಿಸಿದ ರುಚಿಗಾರ ಬಂದು, ಕುಡಿದು, ಒಪ್ಪಬೇಕಿತ್ತು. ಆಮೇಲೆ ಅದೇ ಕಸುಬು ಹಿಡಿದ ಕ್ರೈಸ್ತ ಮಠದ ಸನ್ಯಾಸಿಗಳು. ಆಮೇಲೆ ಬರ್ಟನ್ನಿನ ನೆಲದಡಿಯ ಜಿಪ್ಸಂ ಕರಗಿದ ನೀರು, ಆ ನೀರಿಗಾಗಿ ಲಂಡನ್ನಿನಿಂದ ಬಂದು ನೆಲೆಯೂರಿದ ಸಾಹುಕಾರರು, ಬೀದಿಗಳನ್ನೇ ಅಡ್ಡ ಸೀಳಿ ಓಡುತ್ತಿದ್ದ ಪೀಪಾಯಿಗಳ ರೈಲು, ಕಡಲು ದಾಟಿ ಹಿಂದೂಸ್ಥಾನಕ್ಕೆ ಬಂದ ಏಲ್. ಕೊನೆಯಲ್ಲಿ ಒಂದೊಂದಾಗಿ ಬಾಗಿಲು ಮುಚ್ಚಿದ ಬ್ರುವರಿಗಳು. ಮೊಳಕೆಯ ಬಾರ್ಲಿ ಹುರಿಯುವ ವಾಸನೆ ಬಾರದ ಬೆಳಗುಗಳು.

ಸಂಚಿಕೆಯ ಸಂಪಾದಕ ಶಿವಶರಣ ಮಿಲ್ಪಿಟಾಸಿಗೆ ಹತ್ತಿರದ ಡಬ್ಲಿನ್ ಎಂಬ ಊರಿನವನು. ಕಲಬುರಗಿಯ ಹುಡುಗ, ಈಗ ಕಂಪನಿಯೊಂದರ ಮ್ಯಾನೇಜರು. ಅವನು ಫೋನಿನಲ್ಲಿ ಬಹಳ ಮರ್ಯಾದೆಯಿಂದಲೇ ಮಾತಾಡಿದ. ಮಕ್ಕಳು ಓದುವ ಪುಸ್ತಕವಾದ್ದರಿಂದ ಬಿಯರ್ ಎಂದಿದ್ದಲ್ಲೆಲ್ಲ ಪಾನೀಯ ಎಂದು ಮಾಡಿದ್ದಾನಂತೆ. ಹೆಂಗಸರ ಭಾಗ ತೆಗೆದಿದ್ದಾನಂತೆ, ಕಮಿಟಿಯ ಹೆಂಗಸರಿಗೆ ಬೇಜಾರಾಗಬಾರದೆಂದು. ಮತ್ತೆ ಮೇಲೊಂದು ಸಾಲು: ‘ಲೇಖಕರು ಜೀವನದಲ್ಲಿ ಒಂದು ಹನಿಯನ್ನೂ ಮುಟ್ಟದವರು.’

"ಅದು ಖರೇನ ಐತಿ," ಎಂದರು ವೀರಣ್ಣ. "ಆದ್ರ ಅದನ್ನ ಅಲ್ಲಿ ಹಾಕಬ್ಯಾಡ."

"ಖರೇ ಇದ್ರೆ ಪ್ರಾಬ್ಲಮ್ಮು ಏನು ಕಾಕಾ? ಆ ಲೈನು ಇದ್ರೆ ಪ್ರಿಂಟು. ಇಲ್ಲಾಂದ್ರೆ ಕಮಿಟಿ ಆರ್ಟಿಕಲ್ಲೇ ಡ್ರಾಪ್ ಮಾಡುತ್ತೆ."

ಭಾನುವಾರ ತಿಳಿಸುವೆನೆಂದು ಹೇಳಿ ವೀರಣ್ಣ ಫೋನು ಇಟ್ಟರು.

ಅವರು ಕುಡಿಯದಿದ್ದುದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಇಂಗ್ಲೆಂಡಿಗೆ ಹೊರಡುವಾಗ ತಾಯಿ ಕೈ ಮೇಲೆ ಭಾಷೆ ತೆಗೆದುಕೊಂಡಿದ್ದಳು, ಅಷ್ಟೆ. ಬ್ರುವರಿಯಲ್ಲಿ ಅದನ್ನು ಯಾರೂ ಆಡಿಕೊಳ್ಳಲಿಲ್ಲ. ಶುಕ್ರವಾರಗಳಂದು ಪೀಪಾಯಿ ಕಟ್ಟುವ ಆರ್ಥರ್ ಅವರ ಮುಂದೆಯೂ ಒಂದು ಲೋಟ ತುಂಬಿಸಿ ಇಡುತ್ತಿದ್ದ. ಸ್ವಲ್ಪ ಹೊತ್ತು ಕಾಯುತ್ತಿದ್ದ. ಆಮೇಲೆ ಅವರ ಹೆಸರು ಹೇಳಿ ತಾನೇ ಕುಡಿಯುತ್ತಿದ್ದ. ಬ್ರುವರಿ ಮುಚ್ಚಿದ ದಿನವೂ ಆ ಲೋಟ ತಪ್ಪಲಿಲ್ಲ. ಈಗ ಆ ಸಾಲು ಅಚ್ಚಾದರೆ ಲೇಖನವೆಲ್ಲ ಕೆಸರು ದಾಟಿ ಕಾಲು ತೊಳೆದುಕೊಂಡವನ ಪ್ರಮಾಣಪತ್ರವಾಗುತ್ತಿತ್ತು, ಆರ್ಥರ್ ಕೆಸರಾಗುತ್ತಿದ್ದ. ಸಾಲು ಬೇಡವೆಂದರೆ ಲೇಖನವೇ ಬಿದ್ದುಹೋಗಿ, ಅದರೊಳಗಿನ ಆರ್ಥರನೇ ಇರುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ, ಮಗಳು ಸುಮನ್ ಗ್ರೋಸರಿಗೆ ಹೋಗಿದ್ದಾಗ, ವೀರಣ್ಣ ಗ್ಯಾರೇಜಿಗೆ ಇಳಿದು ಅಲ್ಲಿನ ಫ್ರಿಜ್ಜು ತೆರೆದರು. ದೋಸೆ ಹಿಟ್ಟಿನ ಡಬ್ಬಿಗಳ ಹಿಂದೆ ಕೈ ಹಾಕಿ ಒಂದು ಕ್ಯಾನು ಎಳೆದರು. ಕಾರು ತೊಳೆಯುತ್ತಿದ್ದ ಅಳಿಯ ಗುರುಕಿರಣ ಪೈಪು ಹಿಡಿದುಕೊಂಡೇ ನಿಂತುಬಿಟ್ಟ.

"ಮಾವ, ಅದು... ಆಫೀಸಿನವರು ಬಿಟ್ಟು ಹೋಗಿದ್ದು."

"ಹತ್ತು ವರ್ಷದಿಂದ ಬಿಟ್ಟ ಹೊಂಟಾರೇನು? ಒಂದು ಲೋಟ ಕೊಡು."

ಕ್ಯಾನಿನ ಮೇಲೆ ಇಂಡಿಯಾ ಪೇಲ್ ಏಲ್ ಎಂದಿತ್ತು. ಬರ್ಟನ್ನು ಹಡಗಿಗೇರಿಸಿ ಕಳಿಸುತ್ತಿದ್ದುದರ ವಂಶದ್ದೇ. ಇಲ್ಲಿನ ಮೆದುನೀರಿಗೆ ಜಿಪ್ಸಂ ಬೆರೆಸಿ ಬರ್ಟನ್ನಿನ ನೀರಾಗಿಸಿರುತ್ತಾರೆಂದು ಅವರಿಗೆ ಗೊತ್ತಿತ್ತು. ಎಷ್ಟು ಬೆರೆಸಿರಬಹುದೆಂದೂ ಹೇಳಬಲ್ಲವರಾಗಿದ್ದರು. ಆದರೆ ಮೊದಲ ಗುಟುಕು ಬರೀ ಕಹಿಯಾಗಿತ್ತು. ಎರಡನೆಯದೂ ಅಷ್ಟೆ. ಇಪ್ಪತ್ತೊಂಬತ್ತು ವರ್ಷ ಅಂಕಿಗಳಲ್ಲಿ ಓದಿದ್ದನ್ನು ನಾಲಗೆ ಒಂದಕ್ಷರವೂ ಓದಲಾರದೆ ಹೋಯಿತು. ಇದಕ್ಕಾಗಿ ಆರ್ಥರ್ ಅಷ್ಟು ಶುಕ್ರವಾರ ಕಾದನೇ ಎಂದು ಅವರಿಗೆ ತಮ್ಮ ಮೇಲೆಯೇ ರೇಗಿತು. ಅರ್ಧ ಲೋಟ ಮುಗಿಸಿ, ಬಾಯಿ ಒರೆಸಿಕೊಂಡು, ಅಲ್ಲಿಂದಲೇ ಡಬ್ಲಿನ್ನಿಗೆ ಫೋನು ಮಾಡಿದರು.

"ಶಿವಶರಣ, ನಿನ್ನ ಸಾಲು ಸುಳ್ಳಾತು. ಇವತ್ತ ಮೂರು ಗಂಟೆಕ್ಕ ಅರ್ಧ ಲೋಟ ಕುಡದೀನಿ. ಅದನ್ನ ತಗದುಬಿಡು."

ಆ ಕಡೆ ಶಿವಶರಣ ನಕ್ಕ. "ಕಾಕಾ, ಫೈಲು ನಿನ್ನೇನೇ ಪ್ರೆಸ್ಸಿಗೆ ಹೋಯ್ತು. ನೀವು ಓಕೆ ಅಂತೀರಿ ಅಂದ್ಕೊಂಡೆ. ಅರ್ಧ ಲೋಟಕ್ಕೆ ಯಾರು ಕೇಳ್ತಾರೆ ಬಿಡಿ."

ಮೂರನೆಯ ವಾರ ಸಂಚಿಕೆ ಬಿಡುಗಡೆಯಾಯಿತು. ಬಾಡಿಗೆಗೆ ಹಿಡಿದ ಸಭಾಂಗಣದ ವೇದಿಕೆಯ ಮೇಲೆ ಸಂಘದ ಹಿರಿಯರಾದ ಮರಿತಾಯಮ್ಮನವರು ಪುಟ ತಿರುವಿ, ವೀರಣ್ಣನವರ ಲೇಖನದಲ್ಲಿ ನಿಂತು, ಆ ಒಂದು ಸಾಲನ್ನು ಮಾತ್ರ ಮೈಕಿನಲ್ಲಿ ಓದಿದರು. ಮಸಿಯ ಕೋಣೆಯಲ್ಲಿದ್ದೂ ಬಟ್ಟೆಗೆ ಮಸಿ ಹತ್ತಿಸಿಕೊಳ್ಳದವರು ಎಂದರು. ಮಕ್ಕಳು ಇಂಥವರನ್ನು ನೋಡಿ ಕಲಿಯಬೇಕು ಎಂದರು. ದೀರ್ಘವಾದ ಚಪ್ಪಾಳೆ ಬಿತ್ತು. ಎರಡನೆಯ ಸಾಲಿನಲ್ಲಿ ಕೂತಿದ್ದ ಗುರುಕಿರಣ ತಲೆ ತಗ್ಗಿಸಿ ತನ್ನ ಬೂಟುಗಳನ್ನು ನೋಡಿಕೊಂಡ.

ವೀರಣ್ಣ ಎದ್ದು ನಿಂತು ಕೈಮುಗಿಯಲಿಲ್ಲ. ಮೈಕಿಗೆ ಹೋಗಲು ಒಮ್ಮೆ ಕಾಲೆತ್ತಿದರು. ಅಷ್ಟರಲ್ಲಿ ಮಕ್ಕಳ ನೃತ್ಯದ ಹಾಡು ಹಚ್ಚಿದರು. ವೀರಣ್ಣ ಸಭಾಂಗಣದ ಹಿಂಬದಿಗೆ ನಡೆದರು. ಮೇಜಿನ ಮೇಲೆ ಹಂಚಬೇಕಾದ ಸಂಚಿಕೆಗಳ ಎರಡು ಪೆಟ್ಟಿಗೆಗಳಿದ್ದವು. ಕುರ್ಚಿ ಎಳೆದುಕೊಂಡು ಕೂತು, ಜೇಬಿನಿಂದ ಪೆನ್ನು ತೆಗೆದು, ಮೊದಲ ಪ್ರತಿಯ ಮೂವತ್ತೊಂದನೆಯ ಪುಟ ಬಿಡಿಸಿ, ಆ ಸಾಲಿನ ಮೇಲೆ ನೇರವಾಗಿ ಒಂದು ಗೆರೆ ಎಳೆದರು. ಮಸಿ ಆರಲೆಂದು ಊದಿದರು. ಎರಡನೆಯದನ್ನು ತೆಗೆದುಕೊಂಡರು.

ಸುಮನ್ ಊಟಕ್ಕೆ ಕರೆಯಲು ಬಂದಾಗ ಹನ್ನೊಂದು ಪ್ರತಿಗಳಾಗಿದ್ದವು. ಅವಳು ಮೊದಲ ಪೆಟ್ಟಿಗೆಯೊಳಗೆ ಇಣುಕಿದಳು, ಅಪ್ಪನ ಮುಖ ನೋಡಿದಳು, ತಟ್ಟೆಯನ್ನು ಅಲ್ಲಿಗೇ ತರುತ್ತೇನೆಂದು ಹೇಳಿ ಹೋದಳು.