ಏಳನೆಯ ಹೆಸರು

ಆರನೆಯ ಹೆಸರಿನ ಕೊನೆಯ ಅಕ್ಷರ ಮುಗಿಸಿ ಹುಸೇನಪ್ಪ ಉಳಿಯನ್ನು ಕೆಳಗಿಟ್ಟ. ಕಲ್ಲಿನ ಪುಡಿಯನ್ನು ಬಾಯಿಂದ ಊದಿ ಅಂಗೈಯಿಂದ ಒರೆಸಿದ. ಅದರ ಕೆಳಗೆ ಇನ್ನೂ ಒಂದು ಸಾಲಿನಷ್ಟು ಜಾಗ ನುಣ್ಣಗೆ ಖಾಲಿ ಇತ್ತು. ಅದನ್ನು ನೋಡದೆ ಎದ್ದು ತಗಡಿನ ಶೆಡ್ಡಿನಿಂದ ಹೊರಗೆ ಬಂದು ಬೀಡಿ ಹಚ್ಚಿದ.

"ಮುಗೀತು?" ಎಂದಳು ಅವನ ಹೆಂಡತಿ ಆದೆಮ್ಮ. ಮನೆಯ ಕಟ್ಟೆಯ ಮೇಲೆ ಶೆಡ್ಡಿಗೆ ಬೆನ್ನು ಮಾಡಿ ಕೂತು ಜೋಳ ಹಸನು ಮಾಡುತ್ತಿದ್ದಳು.

"ಇನ್ನೊಂದು ಅದ."

"ಇನ್ನೊಂದು ಇಲ್ಲ. ಆರು ಅದಾವ, ಅಷ್ಟ ಕಳಸು. ನನ್ನ ಮಗ ಸತ್ತಾನಂತ ಕಲ್ಲಿನ ಮ್ಯಾಲ ಕೆತ್ತಾಕ ನಿನಗ ಕೈಯರೆ ಹ್ಯಾಂಗ ಬರ್ತದ?"

ಹುಸೇನಪ್ಪ ಬೀಡಿಯ ಬೂದಿ ಕೊಡವಿದ. ದೇವದುರ್ಗದ ಈ ರಸ್ತೆಬದಿಯಲ್ಲಿ ಕೂತು ಆತ ಎಷ್ಟೋ ಜನರ ಹೆಸರು ಕೆತ್ತಿದ್ದ. ಗುಡಿಗೆ ಕಂಬ ಕೊಟ್ಟವರದು, ಬಾವಿ ತೋಡಿಸಿದವರದು, ಗೋರಿಯೊಳಗೆ ಮಲಗಿದವರದು. ಈ ಕಲ್ಲು ಹೋಗಬೇಕಾಗಿದ್ದದ್ದು ಪಡುವಣ ಕಡಲಿನ ನಡುವೆ ಇರುವ ಒಂದು ದೀಪಸ್ತಂಭಕ್ಕೆ. ದಡದಿಂದ ದೋಣಿಯಲ್ಲೇ ಹೋಗಬೇಕಾದ ಬಂಡೆಗುಡ್ಡ, ಅದರ ಮೇಲೆ ಇಂಗ್ಲಿಷರ ಕಾಲದ ಕಲ್ಲಿನ ಗೋಪುರ. ಉಪ್ಪುಗಾಳಿಗೆ ಸವೆದ ಕಲ್ಲುಗಳನ್ನು ತೆಗೆದು ಹೊಸವನ್ನು ಕೂರಿಸಲು ರಾಯಚೂರಿನ ಮೇಸ್ತ್ರಿ ರಾಹಿಲ್ ಈ ಕಡೆಯ ಆಳುಗಳನ್ನು ಕರೆದುಕೊಂಡು ಹೋಗಿದ್ದ. ಹುಸೇನಪ್ಪನ ಒಬ್ಬನೇ ಮಗ ಪರಮಣ್ಣ ಅವರ ಜೊತೆ ಹೋಗಿದ್ದ.

ಗುಡ್ಡದಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ಗೋಪುರದ ತುದಿಯಲ್ಲಿ ಮಾತ್ರ. ಸಂಜೆ ಕೆಲಸ ಬಿಟ್ಟ ಮೇಲೆ ಪರಮಣ್ಣ ಒಳಗಿನ ಸುತ್ತುಮೆಟ್ಟಿಲು ಹತ್ತಿ, ದೀಪದ ಪಕ್ಕ ಕೂತು ಹೆಂಡತಿ ರಾಧಾಳಿಗೆ ಫೋನ್ ಮಾಡುತ್ತಿದ್ದ. ಮನೆಯ ಸುದ್ದಿ ಮುಗಿದರೆ ಗೋಪುರದ ಸುದ್ದಿ. ದೀಪ ಮೊದಲು ಕೊಬ್ಬರಿ ಎಣ್ಣೆಯಲ್ಲಿ ಉರಿಯುತ್ತಿತ್ತಂತೆ, ಆಮೇಲೆ ಸೀಮೆಎಣ್ಣೆ ಬಂತಂತೆ, ಈಗ ಬಿಸಿಲಿನ ಕರೆಂಟಂತೆ. ಕಾಯಲು ಮನುಷ್ಯರೇ ಬೇಕಿಲ್ಲವಂತೆ. ಗೋಪುರ ಏಳುವಾಗ ಒಬ್ಬ ಗಾರೆಯವನು ಮೇಲಿನಿಂದ ಬಿದ್ದನಂತೆ. ಎಣ್ಣೆಯ ಪೀಪಾಯಿ ತರುತ್ತಿದ್ದ ದೋಣಿ ಬಂಡೆಗೆ ಬಡಿದು ಇಬ್ಬರು ಅಂಬಿಗರು ಹೋದರಂತೆ. ಬಿರುಗಾಳಿಯಲ್ಲಿ ದೀಪದ ಗಾಜು ಒರೆಸಲು ಹೋದ ಇಬ್ಬರು ಅಣ್ಣತಮ್ಮಂದಿರು ತಿರುಗಿ ಬರಲಿಲ್ಲವಂತೆ. ಒಂದು ಮಳೆಗಾಲ ದೀಪ ಕಾಯುವವನ ಹೆಂಡತಿಗೆ ಹೆರಿಗೆ ಬೇನೆ ಎದ್ದು, ಒಯ್ಯಲು ದೋಣಿ ಬರದೆ, ಅಲ್ಲೇ ಸತ್ತಳಂತೆ. ಆ ಸಂಜೆಯೂ ಅವನು ಮೇಲೆ ಹತ್ತಿ ದೀಪ ಹಚ್ಚಿದನಂತೆ.

"ಅಂಥಾ ಕಡಿ ಯಾಕ ಇರ್ತೀರಿ? ಬಂದುಬಿಡ್ರಿ," ಎನ್ನುತ್ತಿದ್ದಳು ರಾಧಾ.

"ಮಳಿ ಹಿಡಿಯೂದ್ರೊಳಗ ಬರ್ತೀನಲ್ಲ. ನೋಡಿಲ್ಲಿ, ಹ್ಯಾಂಗ ಕಾಣ್ತದ!" ಎಂದು ಅವನು ಫೋನು ತಿರುಗಿಸಿ ಸಮುದ್ರ ತೋರಿಸುತ್ತಿದ್ದ.

ರಾಧಾಳ ತವರು ಮಾನ್ವಿ ಕಡೆಯ ಚೀಕಲಪರ್ವಿ. ತುಂಗಭದ್ರೆಯಲ್ಲಿ ಈಜಾಡಿಯೇ ಬೆಳೆದವಳು. ಮದುವೆಯಾದ ಹೊಸದರಲ್ಲಿ ಗಂಡನನ್ನು ಹೊಳೆಗೆ ಇಳಿಸಲು ನೋಡಿದ್ದಳು. ಮೊಣಕಾಲು ಮುಳುಗುತ್ತಲೇ ಅವನು ಅವಳ ಭುಜ ಹಿಡಿದು ಚೀರಿದ್ದ. ದಂಡೆಯಲ್ಲಿದ್ದ ತಂಗಿಯರು ಬಿದ್ದು ಬಿದ್ದು ನಕ್ಕಿದ್ದರು. ಫೋನಿನಲ್ಲಿ ಆ ಸಮುದ್ರ ಕಂಡಾಗ ಅವಳಿಗೆ ಅದು ನೆನಪಾಗುತ್ತಿತ್ತು, ನಗು ಮಾತ್ರ ಬರುತ್ತಿರಲಿಲ್ಲ.

ಮಳೆಗೆ ಮುಂಚಿನ ಕೊನೆಯ ದೋಣಿಯಲ್ಲಿ ಎಲ್ಲರೂ ಗುಡ್ಡ ಬಿಟ್ಟರು. ನಡುದಾರಿಯಲ್ಲಿ ದೋಣಿ ಮಗುಚಿತು. ಮೀನುಗಾರರು ಬಂದು ಉಳಿದವರನ್ನೆಲ್ಲ ಎತ್ತಿದರು, ಪರಮಣ್ಣ ಸಿಗಲಿಲ್ಲ. ಹುಸೇನಪ್ಪ ಅಲ್ಲಿಗೆ ಹೋಗಿ, ಮರಳಿನ ಮೇಲೆ ಕೂತು ಕಾದು ಕಾದು, ಮಗನ ಬಟ್ಟೆಯ ಚೀಲ ಹಿಡಿದುಕೊಂಡು ಬಂದ.

ಹೆಣ ಸಿಗದಿದ್ದರಿಂದ ಮಣ್ಣೂ ಆಗಲಿಲ್ಲ, ದಿನಕರ್ಮವೂ ಆಗಲಿಲ್ಲ. ಆದೆಮ್ಮ ಮನೆಯಲ್ಲಿ ಯಾರನ್ನೂ ಅಳಲು ಬಿಡಲಿಲ್ಲ. ಯಾವುದೋ ಹಡಗಿನವರು ಎತ್ತಿಕೊಂಡು ಹೋಗಿರಬೇಕು, ಎಲ್ಲಿದ್ದರೂ ಒಂದು ದಿನ ಬರುತ್ತಾನೆ ಎಂದಳು. ಪಂಚಮಿಗೆ ಬಳೆಗಾರನನ್ನು ಮನೆಗೇ ಕರೆಸಿ ಸೊಸೆಯ ಕೈತುಂಬ ಹಸಿರು ಬಳೆ ಇಡಿಸಿದಳು. ರಾಧಾ ಕೈ ಮುಂದೆ ಮಾಡಿ ಕೂತಿದ್ದಳು. ಅವಳು ಅಳಲು ಜಾಗ ಹುಡುಕುತ್ತಿದ್ದದ್ದು, ನೀರಿಗೆ ಹೋದಾಗ ನಲ್ಲಿಯ ಹತ್ತಿರ ನಿಂತು ಮುಖ ತೊಳೆದುಕೊಳ್ಳುತ್ತಿದ್ದದ್ದು, ಹುಸೇನಪ್ಪನಿಗೆ ಗೊತ್ತಿತ್ತು.

ಮಳೆಗಾಲ ಕಳೆದು ಈಗ ಗೋಪುರದ ಉಳಿದ ಕೆಲಸವೂ ಮುಗಿದಿತ್ತು. ಅಲ್ಲಿ ಜೀವ ಬಿಟ್ಟವರ ಹೆಸರಿನ ಕಲ್ಲೊಂದನ್ನು ಬಾಗಿಲ ಪಕ್ಕ ನಿಲ್ಲಿಸಬೇಕೆಂದು ತೀರ್ಮಾನವಾದಾಗ ರಾಹಿಲನೇ ಕಲ್ಲು ತಂದು ಇಳಿಸಿದ್ದ. "ಬ್ಯಾರೆಯವರ ಕೈಲೆ ಮಾಡಿಸಾಕ ಮನಸ್ಸು ಬರಲಿಲ್ಲ, ಕಾಕಾ," ಎಂದಿದ್ದ. ಹುಸೇನಪ್ಪ ಹೂಂ ಅಂದಿದ್ದ. ಮಗನಿಗಾಗಿ ಮಾಡುವಂಥದ್ದು ಅವನಿಗೆ ಇನ್ನೇನೂ ಉಳಿದಿರಲಿಲ್ಲ.

ಒಂದು ಸಾಲಿನಲ್ಲಿ 'ದೀಪ ಕಾಯುವವನ ಹೆಂಡತಿ' ಎಂದಷ್ಟೇ ಕೆತ್ತಬೇಕಾಗಿತ್ತು. ಹುಸೇನಪ್ಪನ ಕೈ ಅಲ್ಲಿ ನಿಂತಿತ್ತು. "ಈಕಿ ಹೆಸರು ಏನಂತ ಪರಮ ಹೇಳಿದ್ದನೇನವ್ವಾ?" ಎಂದು ಸೊಸೆಯನ್ನು ಕೇಳಿದ್ದ.

"ಇಲ್ಲ, ಮಾವಾ. ಆಕಿ ಹೆಸರು ಯಾರಿಗೂ ಗೊತ್ತಿಲ್ಲಂತ."

ಮಧ್ಯಾಹ್ನ ರಾಹಿಲ್ ಟೆಂಪೊ ತಗೊಂಡು ಬಂದ. ಕಲ್ಲಿನ ಮುಂದೆ ಬಗ್ಗಿ, ಖಾಲಿ ಜಾಗ ನೋಡಿ, ಹುಸೇನಪ್ಪನ ಮುಖ ನೋಡಿದ.

"ಒಯ್ಯಪ್ಪಾ, ಮುಗದದ ಅದು," ಎಂದಳು ಆದೆಮ್ಮ ಕಟ್ಟೆಯಿಂದ.

ರಾಧಾ ಒಳಗಿನಿಂದ ನೀರು ತಂದುಕೊಟ್ಟಳು. ಅವನು ಕುಡಿಯುವವರೆಗೆ ಅಲ್ಲೇ ನಿಂತಿದ್ದು ಕೇಳಿದಳು: "ರಾಹಿಲಣ್ಣಾ, ನೀರಿನ್ಯಾಗ ನೀವು ಅವರ ಬಾಜೂಕ ಇದ್ರೇನು?"

ರಾಹಿಲನ ಕಣ್ಣು ಆದೆಮ್ಮನ ಕಡೆ ಹೋಯಿತು.

"ಅತ್ತೀನ ನೋಡಬ್ಯಾಡ್ರಿ. ನನಗ ಹೇಳ್ರಿ."

"ಇದ್ದೆ, ತಂಗೀ. ದೋಣಿ ಬೋರಲ ಬಿದ್ದಿತ್ತು. ಇಬ್ಬರೂ ಅದರ ಒಂದ ಹಗ್ಗ ಹಿಡಕೊಂಡಿದ್ವಿ."

"ಅವರಿಗೆ ಈಜು ಬರ್ತಿದ್ದಿಲ್ಲ."

"ಗೊತ್ತಿತ್ತು. ಬಿಡಬ್ಯಾಡ, ಬಿಡಬ್ಯಾಡ ಅಂತ ಹೇಳಕೋತನ ಇದ್ದೆ. ಭಾಳ ಹೊತ್ತು ಹಿಡದ." ರಾಹಿಲ್ ಲೋಟವನ್ನು ಕಟ್ಟೆಯ ಮೇಲಿಟ್ಟ. "ಆಮ್ಯಾಲ ನನ್ನ ಕಡಿ ತಿರುಗಿ 'ಅಣ್ಣಾ, ಕೈ ಸೋತ್ವು' ಅಂದ. ಅಷ್ಟ. ನಾ ಅಂಗಿ ಹಿಡದೆ. ಅಂಗಿ ಹರದು ಕೈಯಾಗ ಉಳೀತು. ತೆರಿ ಇಳಿದಾಗ ಅಂವ ಇದ್ದಿದ್ದಿಲ್ಲ."

ಆದೆಮ್ಮ ಮೊರವನ್ನು ಕೆಳಗಿಟ್ಟು ಎದ್ದು ನಿಂತಳು. "ಸುಳ್ಳು! ಮುಂಜಾನಿಂದ ಸಂಜಿತನ ಸುತ್ತಿಗಿ ಹಿಡಿಯೋ ಕೈ ಅದು. ಹಗ್ಗ ಹಿಡಿಯಾಕ ಹ್ಯಾಂಗ ಸೋಲ್ತದ? ಹೇಳೋ, ಹ್ಯಾಂಗ ಸೋಲ್ತದ?"

ರಾಹಿಲ್ ತಲೆ ತಗ್ಗಿಸಿದ. ರಸ್ತೆಯಲ್ಲಿ ರಾಯಚೂರಿನ ಬಸ್ಸೊಂದು ಧೂಳೆಬ್ಬಿಸಿಕೊಂಡು ಹೋಯಿತು.

ರಾಧಾ ಶೆಡ್ಡಿನೊಳಗೆ ಹೋಗಿ ಕಲ್ಲಿನ ಎದುರು ಕೂತಳು. "ಬರ್ರಿ, ಮಾವಾ," ಎಂದು ಕರೆದಳು. ಹುಸೇನಪ್ಪ ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. ಉಳಿ ತೆಗೆದುಕೊಂಡ. ಖಾಲಿ ಜಾಗದ ಮೇಲೆ ಊರಿದ. ಉಳಿ ಜಾರಿತು.

"ಏನಂತ ಕೆತ್ಲವ್ವಾ?" ಎಂದ, ನಿಜಕ್ಕೂ ಗೊತ್ತಿಲ್ಲದವನಂತೆ.

ಆ ಮನೆಯಲ್ಲಿ ಸೊಸೆ ಗಂಡನ ಹೆಸರು ಹಿಡಿದು ಮಾತಾಡುವುದಿರಲಿಲ್ಲ. ಮದುವೆಯ ದಿನ ಎಲ್ಲರೂ ಒತ್ತಾಯ ಮಾಡಿ ಒಡಪು ಹೇಳಿಸಿದಾಗ ನಾಚಿಕೊಂಡು ಒಮ್ಮೆ ಅಂದದ್ದು ಬಿಟ್ಟರೆ ಆ ಹೆಸರು ರಾಧಾಳ ಬಾಯಿಂದ ಬಂದಿರಲಿಲ್ಲ.

"ಪರಮಣ್ಣ," ಎಂದಳು.

ಹುಸೇನಪ್ಪನ ಕೈ ಏಳಲಿಲ್ಲ.

"ಪರಮಣ್ಣ ಅಂತ ಕೆತ್ರಿ, ಮಾವಾ. ಪರಮಣ್ಣ, ದೇವದುರ್ಗ." ಈ ಸಲ ಅದು ಹೊರಗೂ ಕೇಳಿಸಿತು.

ಕಟ್ಟೆಯ ಮೇಲೆ ಆದೆಮ್ಮ ಕುಸಿದು ಕೂತಳು. ಬೇಸಿಗೆಯಿಂದ ತಡೆದಿಟ್ಟುಕೊಂಡಿದ್ದ ಅಳು ಒಮ್ಮೆಲೇ ಒಡೆಯಿತು. "ಯಪ್ಪಾ, ನನ್ನ ಕಂದಾ!" ಎನ್ನುವ ಆ ಕೂಗಿಗೆ ಅಕ್ಕಪಕ್ಕದ ಹೆಂಗಸರು ಸೆರಗು ಕಟ್ಟಿಕೊಳ್ಳುತ್ತ ಓಡಿ ಬಂದರು. ಅವರ ಅಳುವಿನ ನಡುವೆ ಶೆಡ್ಡಿನಿಂದ ಸುತ್ತಿಗೆಯ ಸದ್ದು ಬರತೊಡಗಿತು. ಒಂದು ಪೆಟ್ಟು, ತುಸು ಬಿಟ್ಟು ಇನ್ನೊಂದು. ರಾಧಾ ಎರಡೂ ಕೈಯಿಂದ ಕಲ್ಲನ್ನು ಹಿಡಿದುಕೊಂಡಿದ್ದಳು. ಅಲುಗದಷ್ಟು ಭಾರದ ಆ ಕಲ್ಲನ್ನು ಯಾರೂ ಹಿಡಿಯಬೇಕಾಗಿರಲಿಲ್ಲ.

ಕಲ್ಲು ಹೋದ ಮೇಲೆ ಬಂದ ಸೋಮವಾರ ಮೂವರೂ ಬೆಳಗಿನ ಬಸ್ಸು ಹಿಡಿದು ಕೃಷ್ಣೆಯ ದಂಡೆಗೆ ಹೋದರು. ಆದೆಮ್ಮ ಮಗನಿಗೆ ಸೇರುವುದನ್ನೆಲ್ಲ ಮಾಡಿ ಕಟ್ಟಿಕೊಂಡಿದ್ದಳು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಎರಡು ಹೋಳಿಗೆ. ಮುತ್ತುಗದ ಎಲೆಯ ಮೇಲೆ ಒಂದೊಂದಾಗಿ ಬಡಿಸಿ, ಎಲೆ ಹಿಡಿದುಕೊಂಡು ನೀರಿನ ಅಂಚಿನಲ್ಲಿ ಕೂತಳು. ಬಿಡಲಿಲ್ಲ.

"ಈ ನೀರು ಆ ಸಮುದ್ರಕ್ಕ ಹೋಗ್ತದೇನು?" ಎಂದು ಕೇಳಿದಳು.

ಹುಸೇನಪ್ಪ ಸೊಸೆಯ ಕಡೆ ನೋಡಿದ. ಮನೆಯಲ್ಲಿ ಶಾಲೆ ಕಲಿತವಳು ಅವಳೊಬ್ಬಳೇ. ಚೀಕಲಪರ್ವಿಯ ಶಾಲೆಯ ಗೋಡೆಗೆ ದೊಡ್ಡ ನಕಾಶೆ ಇತ್ತು. ಅದರಲ್ಲಿ ಕೃಷ್ಣೆಯ ನೀಲಿ ಗೆರೆ ಅಂಕುಡೊಂಕಾಗಿ ಮೂಡಣ ಕಡಲಿಗೆ ಹೋಗಿ ಸೇರುತ್ತಿತ್ತು. ಆ ಇನ್ನೊಂದು ಕಡಲು ಈಗ ಅವರ ಬೆನ್ನ ಹಿಂದೆ ಎಲ್ಲೋ ಇತ್ತು.

"ಹೋಗ್ತದ, ಅತ್ತಿ," ಎಂದಳು ರಾಧಾ.

ಆದೆಮ್ಮ ಬಗ್ಗಿ ಎಲೆಯನ್ನು ನೀರಿನ ಮೇಲಿಟ್ಟಳು. "ಉಣ್ಣಪ್ಪಾ," ಎಂದು ಬೆರಳ ತುದಿಯಿಂದ ಮೆಲ್ಲಗೆ ದೂಡಿದಳು. ಎಲೆ ಸ್ವಲ್ಪ ಹೊತ್ತು ದಂಡೆಯ ಹುಲ್ಲಿಗೇ ತಾಗಿಕೊಂಡು ನಿಂತಿತ್ತು. ಆಮೇಲೆ ಸೆಳವಿಗೆ ಸಿಕ್ಕಿ ಒಂದು ಸುತ್ತು ತಿರುಗಿ, ಹೊತ್ತು ಹುಟ್ಟುವ ದಿಕ್ಕಿಗೆ ಹೊರಟಿತು.